ಸೀಳಿದ ತಕ್ಷಣ ಹಲಗೆ ಒಳಕ್ಕೆ ಬಾಗುವುದು ಯಾಕೆ?

ಪ್ರಶ್ನೆ:
50 ಮಿ.ಮೀ. ದಪ್ಪದ ಹಲಗೆಗಳು, ಈಗಷ್ಟೇ ಮರ ಒಣಗಿಸುವ ಕಿಲ್ನ್‌ನಿಂದ ಹೊರಬಂದಿವೆ. ತೇವ ಅಳೆಯುವ ಮೀಟರ್ ಎಲ್ಲ ಕಡೆ ಶೇ. 10–11 ತೋರಿಸುತ್ತಿದೆ. ಮೇಲೆ ಒಂದು ಬಿರುಕೂ ಇಲ್ಲ. ಆದರೆ ದಪ್ಪದಲ್ಲಿ ಎರಡಾಗಿ ಸೀಳಿದರೆ ಹೋಳುಗಳು ಎದುರು ಬದುರು ಬಾಗಿ ಬ್ಲೇಡನ್ನೇ ಕಚ್ಚಿಕೊಳ್ಳುತ್ತವೆ. ಒಳಗೆ ಇನ್ನೂ ನೀರಿದೆಯಾ?

ಉತ್ತರ 1:
ಮೀಟರ್ ಪಿನ್ ಎಷ್ಟು ಆಳ ಹೋಗಿತ್ತು? ಗಿಡ್ಡ ಪಿನ್ ಮೇಲ್ಪದರದ ಲೆಕ್ಕ ಮಾತ್ರ ಹೇಳುತ್ತದೆ. ತುದಿ ಬಿಟ್ಟು ಉಳಿದದ್ದಕ್ಕೆ ಇನ್ಸುಲೇಷನ್ ಇರುವ ಉದ್ದನೆ ಪಿನ್ ಹೊಡೆದು ನಡುವಿನಲ್ಲಿ ನೋಡಿ.

ಪ್ರಶ್ನೆ ಕೇಳಿದವರು:
ನೋಡಿದೆ. ನಡುವಿನಲ್ಲೂ 12. ಬಾಗಿದ್ದು ಸೀಳುತ್ತಿರುವಾಗಲೇ.

ಉತ್ತರ 2:
ಹಾಗಾದರೆ ನೀರಲ್ಲ, ಮರದೊಳಗಿನ ಬಿಗಿತ. ಒಂದೆರಡು ದಿನ ಬಿಟ್ಟು ನಿಧಾನವಾಗಿ ಬಾಗಿದ್ದರೆ ನಡುವಿನ ತೇವ ಆರುತ್ತಿದೆ ಎನ್ನಬಹುದಿತ್ತು. ಕಿಲ್ನ್ ನೋಡಿಕೊಳ್ಳುವುದೇ ನನ್ನ ಕೆಲಸ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಕೋಶಗಳ ಟೊಳ್ಳಿನಲ್ಲಿ, ಮತ್ತೆ ಕೋಶಗಳ ಗೋಡೆಯಲ್ಲಿ. ಟೊಳ್ಳಿನದು ಮೊದಲು ಹೋಗುತ್ತದೆ, ಅಲ್ಲಿವರೆಗೆ ಮರ ಸಾಮಾನ್ಯವಾಗಿ ಕುಗ್ಗುವುದಿಲ್ಲ. ತೇವ ಶೇ. 30ರ ಆಸುಪಾಸಿಗೆ ಇಳಿದ ಮೇಲೆ ಗೋಡೆಯ ನೀರಿನ ಸರದಿ. ಕುಗ್ಗುವುದು ಆಗಲೇ ಶುರು. ಈ ನೀರು ಹರಿಯುವುದಿಲ್ಲ, ತೇವ ಜಾಸ್ತಿ ಇರುವಲ್ಲಿಂದ ಕಡಿಮೆ ಇರುವ ಕಡೆಗೆ ತೆವಳುತ್ತದೆ. ಹಲಗೆಯ ದಪ್ಪ ಎರಡು ಪಟ್ಟಾದರೆ ಅದಕ್ಕೆ ಹಿಡಿಯುವ ಹೊತ್ತು ಹತ್ತಿರ ಹತ್ತಿರ ನಾಲ್ಕು ಪಟ್ಟು!

ಶುರುವಿನಲ್ಲೇ ಗಾಳಿ ತೀರಾ ಒಣದಾಗಿದ್ದರೆ ಏನಾಗುತ್ತದೆ ನೋಡಿ. ನಡು ಇನ್ನೂ 60ರಲ್ಲಿ ಇರುವಾಗಲೇ ಮೇಲ್ಪದರ 30ರ ಕೆಳಗೆ ಬಂದುಬಿಡುತ್ತದೆ. ಅದು ಕುಗ್ಗಲು ನೋಡುತ್ತದೆ, ನಡು ಬಿಡುವುದಿಲ್ಲ. ಒಂದೋ ಬಿರುಕು ಬಿಡುತ್ತದೆ, ಇಲ್ಲಾ ಹಿಗ್ಗಿದ ಅಳತೆಯಲ್ಲೇ ಗಟ್ಟಿಯಾಗುತ್ತದೆ. ನಿಮ್ಮ ಹಲಗೆಯಲ್ಲಿ ಆಗಿರುವುದು ಎರಡನೆಯದು. ಆಮೇಲೆ ನಡು ಒಣಗಿ ಕುಗ್ಗಲು ಹೊರಟಾಗ ಮೇಲ್ಪದರ ಅಡ್ಡ ನಿಲ್ಲುತ್ತದೆ. ಈಗ ಎಳೆತವೆಲ್ಲ ನಡುವಿನಲ್ಲಿ. ಸೀಳಿದ ಕೂಡಲೇ ಆ ಮುಖ ಕುಗ್ಗಿ ಹೋಳು ಒಳಕ್ಕೆ ಬಾಗಿತು.

ಉಳಿದ ಹಲಗೆ ಸೀಳಬೇಡಿ. ವಾಪಸ್ ಕಿಲ್ನ್‌ಗೆ ಹಾಕಿ, ಬಿಸಿಯಾದ ಮೇಲೆ ಹಬೆ ಕೊಡಿ. ಮೇಲ್ಪದರ ತೇವ ಹೀರಿ ಹಿಗ್ಗಲು ಹೋಗುತ್ತದೆ, ಜಾಗ ಸಿಗದೆ ಅದುಮಿಕೊಳ್ಳುತ್ತದೆ. ಬಿಗಿತ ಸಡಿಲವಾಗುವುದು ಹಾಗೆ. ಸಾಕಾಯಿತೇ ಎಂದು ನೋಡಲು ತುದಿಯಿಂದ ದೂರ ಒಂದು ಅಡ್ಡ ಚೂರು ಕತ್ತರಿಸಿ. ಅದರ ನಡುಭಾಗ ತೆಗೆದು ಕವೆಯ ಹಾಗೆ ಎರಡು ಕಾಲು ಉಳಿಸಿ. ನೇರ ನಿಂತರೆ ಸರಿ. ಒಳಕ್ಕೆ ವಾಲಿದರೆ ಇನ್ನಷ್ಟು ಹಬೆ ಬೇಕು. ಹೊರಕ್ಕೆ ಚಾಚಿದರೆ ಹಬೆ ಜಾಸ್ತಿಯಾಗಿದೆ, ಅದನ್ನು ಸರಿಮಾಡುವುದು ತುಂಬಾ ಕಷ್ಟ. ಹಾಗಾಗಿ ಮಧ್ಯೆ ಮಧ್ಯೆ ನೋಡುತ್ತಿರಿ.

ಉತ್ತರ 3:
ಮುಂದಿನ ಲೋಡಿಗೆ ತುದಿಗಳಿಗೆ ಮೇಣ ಬಳಿಯಿರಿ. ನಾರಿನ ಉದ್ದಕ್ಕೆ ನೀರು ಬಲು ಬೇಗ ಹೊರಡುತ್ತದೆ, ತುದಿ ಬಿರುಕು ಬಿಡುವುದು ಅದಕ್ಕೇ.

ಉತ್ತರ 2:
ಹೌದು, ಮೇಣ ಬೇಕೇ ಬೇಕು. ಜೊತೆಗೆ ನಡುವಿನ ತೇವ 30ಕ್ಕೆ ಇಳಿಯುವ ತನಕ ಒಣ ಮತ್ತು ಒದ್ದೆ (ಒದ್ದೆ ಬಟ್ಟೆ ಸುತ್ತಿದ) ಥರ್ಮಾಮೀಟರುಗಳ ಅಂತರ ಕಮ್ಮಿ ಇರಲಿ, ಅಂದರೆ ಗಾಳಿ ತೀರಾ ಒಣದಾಗದಿರಲಿ. ಬಿಸಿ ಏರಿಸುವುದು ಆಮೇಲೆ.