ವಿಷಯ ವಿಶ್ಲೇಷಣೆಯೋ, ಓದುಗರ ಸಂದರ್ಶನವೋ?

ಪ್ರಶ್ನೆ
ಹವಾಮಾನ ಬದಲಾವಣೆಯ ಸುದ್ದಿಯನ್ನು ಪತ್ರಿಕೆಗಳು ಹೇಗೆ ಬರೆಯುತ್ತವೆ ಎಂಬುದು ನನ್ನ ಸಂಶೋಧನೆಯ ವಿಷಯ. ಆರು ತಿಂಗಳ ಸಂಚಿಕೆಗಳ ವಿಷಯ ವಿಶ್ಲೇಷಣೆ, ಅಂದರೆ ಸುದ್ದಿಗಳನ್ನು ವಿಷಯವಾರು ವಿಂಗಡಿಸಿ ಎಣಿಸುವ ಕೆಲಸ, ಮಾಡಬೇಕೆಂದಿದ್ದೆ. ಆದರೆ ಸುದ್ದಿಗಳನ್ನು ಎಣಿಸಿದ ಮಾತ್ರಕ್ಕೆ ಓದುಗರ ಮೇಲಾಗುವ ಪರಿಣಾಮ ತಿಳಿಯದು, ಗುಂಪು ಸಂದರ್ಶನಗಳನ್ನೇ ನಡೆಸಿ ಎಂದು ಹಿರಿಯರೊಬ್ಬರು ಸಲಹೆ ಕೊಟ್ಟಿದ್ದಾರೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ 1
ನಿಮ್ಮ ಹಿರಿಯರ ಮಾತು ನಿಜ, ಆದರೆ ನೀವು ಬರೆದಿರುವ ಪ್ರಶ್ನೆ ಪತ್ರಿಕೆಯನ್ನು ಕುರಿತದ್ದೇ ಹೊರತು ಪರಿಣಾಮವನ್ನು ಕುರಿತದ್ದಲ್ಲ. ಅದಕ್ಕೆ ವಿಷಯ ವಿಶ್ಲೇಷಣೆ ಸಾಕು. ಪರಿಣಾಮವೂ ಬೇಕೆಂದರೆ 1968ರಲ್ಲಿ ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಮಾಧ್ಯಮ ಸಂಶೋಧಕರಾದ ಮೆಕ್‌ಕೋಂಬ್ಸ್ ಮತ್ತು ಶಾ ಮಾಡಿದ ಕೆಲಸವನ್ನು ನೋಡಿ. ಯಾರಿಗೆ ಮತ ಹಾಕುವುದೆಂದು ಇನ್ನೂ ನಿರ್ಧರಿಸದಿದ್ದ 100 ಮತದಾರರನ್ನು ಮುಖ್ಯ ಸಮಸ್ಯೆಗಳು ಯಾವುವು ಎಂದು ಕೇಳಿ, ಆ ಉತ್ತರಗಳನ್ನು ಅದೇ ಅವಧಿಯ ಸುದ್ದಿಗಳ ಪಕ್ಕದಲ್ಲಿಟ್ಟಾಗ ಎರಡೂ ಪಟ್ಟಿಗಳು ಬಹುಮಟ್ಟಿಗೆ ಹೊಂದಿಕೆಯಾದವು. ಹಾಗಿದ್ದರೂ ಮಾಧ್ಯಮ ಜನರನ್ನು ಅನುಸರಿಸಿತೋ, ಜನರು ಮಾಧ್ಯಮವನ್ನು ಅನುಸರಿಸಿದರೋ ಎಂಬುದನ್ನು ಅಂತಹ ಒಂದೇ ಬಾರಿಯ ಸಮೀಕ್ಷೆ ಹೇಳಲಾರದು.

ಉತ್ತರ 2
ಸಂದರ್ಶನವನ್ನು ಅಷ್ಟು ಬೇಗ ಪಕ್ಕಕ್ಕಿಡಬೇಡಿ. ಒಂದೇ ಸಂದೇಶವನ್ನು ಬೇರೆಬೇರೆ ಜನ ಬೇರೆಬೇರೆಯಾಗಿ ಅರ್ಥೈಸುತ್ತಾರೆ ಎಂದು ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಮುಂದಿಟ್ಟ ವಾದವನ್ನು ಆಧರಿಸಿ ಸಂಶೋಧಕ ಡೇವಿಡ್ ಮಾರ್ಲಿ ಬ್ರಿಟನ್‌ನ ಟಿವಿ ಕಾರ್ಯಕ್ರಮವೊಂದನ್ನು 29 ಗುಂಪುಗಳಿಗೆ ತೋರಿಸಿ ಮಾತನಾಡಿಸಿದರು. ಕಾರ್ಮಿಕ ಸಂಘದ ಮುಖಂಡರು ಕಾರ್ಯಕ್ರಮದ ನಿಲುವನ್ನು ಪ್ರಶ್ನಿಸಿದರೆ, ಅದೇ ವರ್ಗದಿಂದ ಬಂದ ಅಪ್ರೆಂಟಿಸ್ ಹುಡುಗರು ಅದನ್ನು ಬಹುತೇಕ ಒಪ್ಪಿಕೊಂಡಿದ್ದರು. ಎಷ್ಟು ಎಣಿಸಿದರೂ ಈ ವ್ಯತ್ಯಾಸ ಕೈಗೆ ಸಿಗುತ್ತಿರಲಿಲ್ಲ. ಗುಂಪಿನಲ್ಲಿ ಗಟ್ಟಿ ದನಿಯವರ ಅಭಿಪ್ರಾಯವೇ ಎಲ್ಲರದೂ ಎಂದು ದಾಖಲಾಗುವ ಅಪಾಯವಂತೂ ಇದ್ದೇ ಇದೆ.

ಉತ್ತರ 3
ಎಣಿಕೆಯಲ್ಲಿ ವ್ಯಾಖ್ಯಾನವೇ ಇಲ್ಲವೆಂಬಂತೆ ಇಲ್ಲಿ ಚರ್ಚೆ ಸಾಗುತ್ತಿದೆ. ನನ್ನ ಅನುಭವ ಬೇರೆ. ‘ಮಳೆ ಕೊರತೆ: ಪರಿಹಾರಕ್ಕೆ ರೈತರ ಒತ್ತಾಯ’ ಎಂಬಂತಹ ಒಂದು ಶೀರ್ಷಿಕೆಯನ್ನು ನಾನು ‘ಪರಿಸರ’ ಎಂದು ಗುರುತಿಸಿದೆ, ನನ್ನ ಜೊತೆಗಾರ್ತಿ ‘ರಾಜಕೀಯ’ ಎಂದರು. ಇಬ್ಬರೂ ಕುಳಿತು, ಶೀರ್ಷಿಕೆಯನ್ನಲ್ಲ, ಮೊದಲ ಪ್ಯಾರಾದಲ್ಲಿ ಯಾರ ಮಾತಿದೆ ಎಂಬುದನ್ನು ನೋಡಬೇಕೆಂಬ ನಿಯಮ ಮಾಡಿಕೊಂಡು, ಆವರೆಗಿನದನ್ನೆಲ್ಲ ಮತ್ತೆ ಕೋಡ್ ಮಾಡಬೇಕಾಯಿತು, ಅಂದರೆ ಪ್ರತಿ ಸುದ್ದಿಗೂ ಹೊಸದಾಗಿ ವಿಷಯದ ಗುರುತು ಹಾಕಬೇಕಾಯಿತು. ಇಬ್ಬರ ಗುರುತುಗಳು ಆಕಸ್ಮಿಕವಾಗಿಯೂ ಕೂಡಿಬರುವುದರಿಂದ ಬರೀ ಶೇಕಡಾವಾರು ಹೊಂದಿಕೆಯನ್ನು ನಂಬಬೇಡಿ. ಆಕಸ್ಮಿಕ ಹೊಂದಿಕೆಯನ್ನು ಗಣನೆಗೆ ತೆಗೆದುಕೊಂಡು ಕೋಡ್ ಮಾಡುವವರ ಒಮ್ಮತವನ್ನು ಅಳೆಯುವ ಕ್ರಿಪೆನ್‌ಡಾರ್ಫ್ ಆಲ್ಫಾ ಎಂಬ ಸೂಚ್ಯಂಕದ ಲೆಕ್ಕ ಹಾಕಿ. ಸಾಮಾನ್ಯವಾಗಿ 0.80 ದಾಟಬೇಕೆನ್ನುತ್ತಾರೆ. ಮೊದಲು ಐವತ್ತು ಸುದ್ದಿಗಳನ್ನು ಇಬ್ಬರು ಬೇರೆಬೇರೆಯಾಗಿ ಕೋಡ್ ಮಾಡಿ. ನೀವಿಬ್ಬರೂ ಪದೇಪದೇ ಭಿನ್ನವಾಗಿ ಓದಿದ ಸುದ್ದಿಗಳು ಯಾವುವೋ, ಅವನ್ನೇ ಓದುಗರ ಗುಂಪಿನ ಮುಂದಿಡಿ.