ಮಂಗಳೂರು–ಹುಬ್ಬಳ್ಳಿ: ವಿಮಾನದ ದೂರ ಎಷ್ಟು, ನಿಜವಾಗಿ ಹಿಡಿಯುವ ಹೊತ್ತು ಎಷ್ಟು?

ಪ್ರಶ್ನೆ
ಬಜ್ಪೆಯಿಂದ (ಮಂಗಳೂರು ವಿಮಾನ ನಿಲ್ದಾಣ) ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಒಂದು ಜಾಲತಾಣ 267 ಕಿ.ಮೀ., 20 ನಿಮಿಷ ಅನ್ನುತ್ತದೆ. ಇನ್ನೊಂದು 50 ನಿಮಿಷ ಅನ್ನುತ್ತದೆ. ಟಿಕೆಟ್ ಹುಡುಕಿದರೆ ಬೆಂಗಳೂರು ಸುತ್ತಿ ನಾಲ್ಕೈದು ಗಂಟೆ. ಯಾವುದನ್ನು ನಂಬುವುದು? ಲೆಕ್ಕ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1
ದೂರ ಸರಿ ಇದೆ, 20 ನಿಮಿಷ ತಪ್ಪು. ದೂರವನ್ನು ನೀವೇ ತಾಳೆ ನೋಡಬಹುದು. ಮಂಗಳೂರು ನಿಲ್ದಾಣದ ಅಕ್ಷಾಂಶ 12°58', ಹುಬ್ಬಳ್ಳಿಯದು 15°22'. ವ್ಯತ್ಯಾಸ 2°24', ಅಂದರೆ 144 ಮಿನಿಟು (ಇದು ಹೊತ್ತಿನ ನಿಮಿಷವಲ್ಲ, ಡಿಗ್ರಿಯ ಅರವತ್ತನೇ ಒಂದು ಪಾಲು). ಅಕ್ಷಾಂಶದ ಒಂದು ಮಿನಿಟು ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲು, 1.852 ಕಿ.ಮೀ. ಗುಣಿಸಿದರೆ 267. ಹುಬ್ಬಳ್ಳಿ ಹೆಚ್ಚುಕಡಿಮೆ ನೇರ ಉತ್ತರಕ್ಕೇ ಇರುವುದರಿಂದ ರೇಖಾಂಶ ಸೇರಿಸಿದರೂ ಅಂಕಿ ಬದಲಾಗುವುದಿಲ್ಲ.

20 ನಿಮಿಷ ಬಂದದ್ದು ಗಂಟೆಗೆ 800 ಕಿ.ಮೀ. ಎಂದು ಭಾಗಿಸಿದ್ದರಿಂದ. ಅದು ಜೆಟ್ ಎತ್ತರಕ್ಕೆ ಏರಿದ ಮೇಲಿನ ವೇಗ. ಇಷ್ಟು ಗಿಡ್ಡ ದಾರಿಗೆ ಹೊಂದುವುದು ಎಟಿಆರ್ 72 ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನ, ಗಂಟೆಗೆ ಸುಮಾರು 500 ಕಿ.ಮೀ. ಹಾಗೆ ಭಾಗಿಸಿದರೆ 32 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ. ರನ್‌ವೇಗೆ ಸರಿಹೊಂದಿಸಿಕೊಳ್ಳಲು ತಿರುವು ಬೇರೆ. ಗಾಳಿಯಲ್ಲೇ 40–45 ನಿಮಿಷ ಎಂದಿಟ್ಟುಕೊಳ್ಳಿ. ಎರಡೂ ಕಡೆ ವಿಮಾನ ನೆಲದ ಮೇಲೆ ಉರುಳಿ ಸಾಗುವುದಕ್ಕೆ (ಟ್ಯಾಕ್ಸಿ) ಒಟ್ಟು 10–15 ನಿಮಿಷ. ಟಿಕೆಟ್ಟಿನಲ್ಲಿ ಅಚ್ಚಾಗುವುದು ವಿಮಾನ ನಿಂತ ಜಾಗದಿಂದ ಕದಲಿ, ಆ ಕಡೆ ನಿಲ್ಲುವವರೆಗಿನ ಹೊತ್ತು. ಹಾಗಾಗಿ ನೇರ ವಿಮಾನವಿದ್ದರೆ ಒಂದು ಗಂಟೆ ಆಸುಪಾಸು.

ಉತ್ತರ 2
ಮೇಲಿನದಕ್ಕೆ ಒಂದು ಸೇರ್ಪಡೆ. ಮಳೆಗಾಲದ ಪಡುವಣ ಗಾಳಿ ಈ ದಾರಿಗೆ ಅಡ್ಡ ಬೀಸುತ್ತದೆ. 30 ನಾಟ್ (ಗಂಟೆಗೆ ಸುಮಾರು 55 ಕಿ.ಮೀ.) ಅಡ್ಡಗಾಳಿ ಇದ್ದರೂ ವಿಮಾನ ಮೂತಿಯನ್ನು ಆರೇಳು ಡಿಗ್ರಿ ಗಾಳಿಯತ್ತ ತಿರುಗಿಸಿಕೊಂಡು ಹೋಗುತ್ತದೆ. ನಷ್ಟ ಅರ್ಧ ನಿಮಿಷವೂ ಇಲ್ಲ. ಹೊತ್ತು ತಿನ್ನುವುದು ಇಳಿಯುವ ಜಾಗ. ಹುಬ್ಬಳ್ಳಿ ರನ್‌ವೇ 08/26 ಪೂರ್ವ-ಪಶ್ಚಿಮಕ್ಕಿದೆ. ಪಡುವಣ ಗಾಳಿಯಿದ್ದರೆ 26ರಲ್ಲಿ, ಅಂದರೆ ಪಶ್ಚಿಮಕ್ಕೆ ಮೂತಿ ಮಾಡಿ ಇಳಿಯಬೇಕು, ಹಾಗಾಗಿ ದಕ್ಷಿಣದಿಂದ ಬಂದ ವಿಮಾನ ಊರಿನ ಪೂರ್ವಕ್ಕೆ ಹೋಗಿ ಪಶ್ಚಿಮಕ್ಕೆ ತಿರುಗಬೇಕು. ಮಂಗಳೂರಿನಲ್ಲಿ ಜೂನ್–ಜುಲೈ ಮಳೆಗೆ ರನ್‌ವೇ ಕಾಣದಿದ್ದರೆ ಹೊರಡುವುದೇ ತಡ. ಗುಡ್ಡದ ನೆತ್ತಿಯ ಟೇಬಲ್‌ಟಾಪ್ ಅದು, ಅಲ್ಲಿ ಅವಸರ ಸಲ್ಲದು.

ಉತ್ತರ 3
ಬೆಂಗಳೂರು ಸುತ್ತುವುದಾದರೆ ಮಂಗಳೂರು–ಬೆಂಗಳೂರು ಸುಮಾರು 306, ಬೆಂಗಳೂರು–ಹುಬ್ಬಳ್ಳಿ ಸುಮಾರು 370. ಒಟ್ಟು 676 ಕಿ.ಮೀ. ನೇರ ದೂರದ ಎರಡೂವರೆ ಪಟ್ಟು. ಹಾರಾಟ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ, ಉಳಿದದ್ದು ಕಾಯುವುದು. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ (ಬುಕಿಂಗ್ ಸಂಖ್ಯೆ). ಬೇರೆ ಬೇರೆ ಟಿಕೆಟ್ ಮಾಡಿದರೆ ಬ್ಯಾಗ್ ಬೆಂಗಳೂರಿನಲ್ಲಿ ಬೆಲ್ಟಿನಿಂದ ಎತ್ತಿಕೊಂಡು ಮತ್ತೆ ಕೌಂಟರಿಗೆ ಕೊಡಬೇಕು, ಮೊದಲ ವಿಮಾನ ತಡವಾದರೆ ಎರಡನೆಯದರ ದುಡ್ಡೂ ಹೋಗುತ್ತದೆ. ಟರ್ಮಿನಲ್ 1, 2 ಬೇರೆಯಾದರೆ ಶಟಲ್ ಬಸ್ಸಿನ ಹೊತ್ತನ್ನೂ ಸೇರಿಸಿಕೊಳ್ಳಿ. ಅಂಥ ಕಡೆ ಮೂರು ಗಂಟೆ ಅಂತರ ಇಡುವುದೇ ಕ್ಷೇಮ.

ಎಟಿಆರ್‌ನಲ್ಲಿ ತಲೆಮೇಲಿನ ಗೂಡು ಚಿಕ್ಕದು. ದೊಡ್ಡ ಟ್ರಾಲಿಯನ್ನು ಮೆಟ್ಟಿಲ ಬುಡದಲ್ಲೇ ಇಸಿದುಕೊಳ್ಳುತ್ತಾರೆ, ಔಷಧಿ, ಲ್ಯಾಪ್‌ಟಾಪ್ ಕೈಚೀಲಕ್ಕೆ ಹಾಕಿಕೊಳ್ಳಿ.

ಉತ್ತರ 4
ನೇರ ವಿಮಾನವಿಲ್ಲದ ದಿನ ರಸ್ತೆಯನ್ನೂ ತೂಗಿ ನೋಡಿ. ಅಂಕೋಲಾ, ಅರಬೈಲ್ ಘಾಟಿ, ಯಲ್ಲಾಪುರ ದಾರಿಯಾಗಿ 350 ಕಿ.ಮೀ. ದಾಟುತ್ತದೆ, ಏಳೆಂಟು ಗಂಟೆ. ಬೆಂಗಳೂರು ಸುತ್ತುವ ಐದು ಗಂಟೆಗೆ ಎರಡು ಗಂಟೆ ಮುಂಚೆ ನಿಲ್ದಾಣ ತಲುಪುವುದು, ಬಜ್ಪೆಗೆ ಹೋಗುವುದು, ಆ ಕಡೆ ಧಾರವಾಡದವರಾದರೆ ಇನ್ನೂ ಇಪ್ಪತ್ತು ಚಿಲ್ಲರೆ ಕಿ.ಮೀ. ಕೂಡಿಸಿದರೆ ರಾತ್ರಿ ಬಸ್ಸಿಗೂ ಇದಕ್ಕೂ ವ್ಯತ್ಯಾಸ ಹೆಚ್ಚಿಲ್ಲ. ಮಳೆಗಾಲದಲ್ಲಿ ಮಾತ್ರ ಘಾಟಿಯಲ್ಲಿ ಗುಡ್ಡ ಜರಿದಿದೆಯೇ ಎಂದು ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.