ಲಿನಕ್ಸ್‌ನಲ್ಲಿ ಕನ್ನಡ ಓದಿಸೋದು ಹೇಗೆ?

ಪ್ರಶ್ನೆ: ಉಬುಂಟು ಲಿನಕ್ಸ್ ಹಾಕಿದ್ದೇನೆ. ಅದರಲ್ಲಿ ಪರದೆ ಮೇಲಿನದನ್ನು ಓದಿ ಹೇಳುವ ಓರ್ಕಾ ಇಂಗ್ಲಿಷ್ ಚೆನ್ನಾಗಿ ಓದುತ್ತದೆ, ಕನ್ನಡ ಸಾಲು ಬಂದರೆ ಮಾತ್ರ ಏನೇನೋ ಒದರುತ್ತದೆ. ಏನು ಮಾಡಲಿ?

ಉತ್ತರ 1: ಓರ್ಕಾ ತಾನೇ ಮಾತಾಡಲ್ಲ. ಪಠ್ಯವನ್ನು ಸ್ಪೀಚ್ ಡಿಸ್ಪ್ಯಾಚರ್ ಅನ್ನೋ ಮಧ್ಯವರ್ತಿ ತಂತ್ರಾಂಶಕ್ಕೆ ಕೊಡುತ್ತದೆ, ಅದು ಇಸ್ಪೀಕ್ ಎನ್‌ಜಿಯಂಥ, ಪಠ್ಯವನ್ನು ದನಿಯಾಗಿಸುವ ಎಂಜಿನ್‌ಗೆ ದಾಟಿಸುತ್ತದೆ. ಇಸ್ಪೀಕ್‌ನಲ್ಲಿ ಕನ್ನಡ ಇದೆ, ಓರ್ಕಾ ಸೆಟ್ಟಿಂಗ್ಸ್‌ನಲ್ಲಿ ದನಿ ಆರಿಸುವ ಕಡೆ ಹೋಗಿ ಅದನ್ನು ಹಾಕಿ ನೋಡಿ.

ಕೇಳಿದವರು: ಬಂತು! ಆದರೆ ರೋಬೋಟ್ ಥರ, ಅದೂ ಗಡಿಬಿಡಿಯಲ್ಲಿ.

ಉತ್ತರ 2: ರೋಬೋಟ್ ದನಿ ಹೋಗಲ್ಲ ಬಿಡಿ, ಅದು ಮನುಷ್ಯರ ದನಿ ರೆಕಾರ್ಡ್ ಮಾಡಿ ಜೋಡಿಸಿದ್ದಲ್ಲ, ಲೆಕ್ಕ ಹಾಕಿ ಹುಟ್ಟಿಸಿದ್ದು, ಅದಕ್ಕೇ ಹಳೇ ಕಂಪ್ಯೂಟರಲ್ಲೂ ಥಟ್ಟಂತ ಓಡುತ್ತದೆ. ವೇಗವನ್ನು ಓರ್ಕಾ ಸೆಟ್ಟಿಂಗ್ಸ್‌ನಲ್ಲೇ ಇಳಿಸಬಹುದು. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಇಸ್ಪೀಕನ್ನು ವೇಗ ಹೇಳದೆ ಸುಮ್ನೆ ಓಡಿಸಿದರೆ ನಿಮಿಷಕ್ಕೆ 175 ಪದ. ನಮ್ಮ ಉದ್ದುದ್ದ ಪದಗಳಿಗೆ ಅದು ಜಾಸ್ತಿನೇ ಅಲ್ವಾ?